ನೀಲಿ ಇಂಜಿನ್ನಿನ ಗಲಾಟೆ

ಭಾಷಣ ನನಗೆ ಬರಲ್ಲ. ಕೆಲಸದ ಜಾಗದಲ್ಲಿ ನಡೆದ ಒಂದು ಸಂಗತಿ ಹೇಳ್ತೀನಿ.

ಐ.ಟಿ.ಐ.ಯಲ್ಲಿ ನಾನು ಕಲಿತದ್ದು ಮನೆ ವೈರಿಂಗ್, ಮೋಟಾರ್ ವೈಂಡಿಂಗ್. ಕುವೈತಿಗೆ ಬಂದ ಮೇಲೆ ಶುವೈಖಿನ ಗ್ಯಾರೇಜಿನಲ್ಲಿ ಗಾಡಿ ವೈರಿಂಗ್ ಕೈಗೆ ಬಂತು. ಅಲ್ಲಿಗೆ 1972ರ ಶೆವರ್ಲೆ ಸಿ-10 ಪಿಕಪ್ ಒಂದು ಬಂತು, ಇಲ್ಲಿಯವರು ವಾನೆಟ್ ಅಂತಾರಲ್ಲ, ಅದು. ಮಾಲೀಕನ ಅಪ್ಪ ಓಡಿಸಿದ ಗಾಡಿ. ಇಂಜಿನ್ ಆಯಿಲ್ ಸೋರಿಕೆ ನಮ್ಮ ಕುಂದಾಪುರದ ಮೆಕ್ಯಾನಿಕ್ ಅಣ್ಣನ ಪಾಲಿಗೆ, ವೈರಿಂಗ್ ನನ್ನ ಪಾಲಿಗೆ.

ಅಣ್ಣ ಇಂಜಿನ್ ಇಳಿಸಿ, ವರ್ಷಗಟ್ಟಲೆ ಮೆತ್ತಿದ್ದ ಎಣ್ಣೆ ಮಣ್ಣು ತೊಳೆದು, ಸೀಲ್ ಹಾಕಿ ಏರಿಸಿದರು. ತೊಳೆದ ಮೇಲೆ ಒಳಗಿನ ನೀಲಿ ಬಣ್ಣ ಕಾಣಿಸ್ತು. ಗಾಡಿ ಕೊಳ್ಳೋಕೆ ಬಂದವನೊಬ್ಬ ಬಾನೆಟ್ ಎತ್ತಿ, "ಶೆವರ್ಲೆ ಇಂಜಿನ್ ನೀಲಿ ಆದದ್ದು 1977ರಿಂದ. ಅದಕ್ಕೂ ಮೊದಲು ಕಿತ್ತಳೆ. ಇದು ಬೇರೆ ಇಂಜಿನ್" ಅಂದುಬಿಟ್ಟ. ಇಸವಿ ಸರಿಯೇ. ಆದ್ರೆ ಬಣ್ಣ ಯಾರು ಬೇಕಾದ್ರೂ ಬಳೀಬಹುದಲ್ಲ! ಮಾಲೀಕನಿಗೆ ಅಣ್ಣನ ಮೇಲೆ ಅನುಮಾನ. ಮುದೀರ್ ಕರೆದು, ಮೂರು ತಿಂಗಳ ಸಂಬಳ ಹಿಡೀತೀನಿ, ಪೊಲೀಸಿಗೂ ಹೇಳ್ತೀನಿ ಅಂದ. ಅಣ್ಣ ರಜೆಗೆ ಟಿಕೆಟ್ ಮಾಡಿಸಿದ್ದರು. ಆ ರಾತ್ರಿ ರೂಮಿನಲ್ಲಿ ಊಟ ಮುಟ್ಟಲಿಲ್ಲ.

ಬೆಳಿಗ್ಗೆ ನಾವಿಬ್ಬರೂ ಬೇಗ ಹೋದ್ವಿ. ಮೊದಲು ಡ್ರೈವರ್ ಬಾಗಿಲಿನ ಕಂಬದಲ್ಲಿರೋ ತಗಡು ನೋಡಿದ್ವಿ. ಅದರಲ್ಲಿ 'ಇ' ಅಕ್ಷರ ಇದ್ರೆ ಕಾರ್ಖಾನೆಯಿಂದ ವಿ-8 ಇಂಜಿನ್ನಿನ ಜೊತೆ ಬಂದ ಗಾಡಿ, 'ಎಸ್' ಇದ್ರೆ ಆರು ಸಿಲಿಂಡರಿನದು. ಇದರಲ್ಲಿ 'ಇ' ಇತ್ತು. ಆದ್ರೆ ಯಾವ ವಿ-8 ಅಂತ ತಗಡು ಹೇಳಲ್ಲ. 307 ಮತ್ತು 350 ಹೊರಗಿನಿಂದ ನೋಡೋಕೆ ಅಣ್ಣತಮ್ಮಂದಿರ ಥರ ಒಂದೇ. ಅದಕ್ಕೆ ಬ್ಲಾಕಿನ ನಂಬರೇ ಬೇಕು.

ಆ ನಂಬರು ಬಲಗಡೆಯ ಹೆಡ್ಡಿನ ಮುಂದೆ, ಬ್ಲಾಕಿನ ಸಣ್ಣ ಚಪ್ಪಟೆ ಜಾಗದಲ್ಲಿ ಹೊಡೆದಿರ್ತಾರೆ. ಆಲ್ಟರ್ನೇಟರ್ ಅದಕ್ಕೆ ಅಡ್ಡ. ಆಲ್ಟರ್ನೇಟರ್ ಬಿಚ್ಚೋದು ನನ್ನ ಕೆಲಸ ತಾನೇ? ಬಿಚ್ಚಿದೆ. ಅಣ್ಣ ಗಾಬರಿಯಲ್ಲಿ ಎಮರಿ ಪೇಪರ್ ಹಿಡಿದು ಬಂದರು, ಬೇಡ ಅಂದೆ. ಉಜ್ಜಿದ್ರೆ ನಂಬರೇ ಹೋಗುತ್ತೆ. ಆಮೇಲೆ ನಾವೇ ಅಳಿಸಿದ್ವಿ ಅಂತಾರೆ. ಥಿನ್ನರ್ ಹಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ತಿಕ್ಕಿದ್ವಿ. ನೀಲಿ ಹೋಯ್ತು, ಕೆಳಗೆ ಕಿತ್ತಳೆ! ಅದೂ ಹೋದ ಮೇಲೆ ಅಕ್ಷರ ಕಾಣಿಸ್ತು. 'ವಿ' ಅಂದ್ರೆ ಫ್ಲಿಂಟ್ ಕಾರ್ಖಾನೆ, ಮುಂದಿನ ನಾಲ್ಕು ಅಂಕಿ ಜೋಡಿಸಿದ ತಿಂಗಳು ಮತ್ತು ದಿನ, ಕೊನೆಯ ಅಕ್ಷರಗಳು ಯಾವ ಇಂಜಿನ್ ಅನ್ನೋ ಗುರುತು. ಪಕ್ಕದಲ್ಲಿ ಇನ್ನೊಂದು ಸಾಲು. ಅದರ ಕೊನೆಯ ಆರು ಅಂಕಿ ಬಾಗಿಲಿನ ತಗಡಿನದೇ! ಅಣ್ಣ ಬೆರಳಿಟ್ಟು ಒಂದೊಂದೇ ಅಂಕಿ ಎರಡು ಸಲ ಓದಿಸಿದರು.

ಬ್ಲಾಕಿನ ಹಿಂದೆ, ಗೇರ್ ಬಾಕ್ಸ್ ಕೂರೋ ಕಡೆ, ಎರಕದ ನಂಬರು ಮತ್ತು ತಾರೀಖು ಇರುತ್ತೆ. 'ಎ' ಅಂದ್ರೆ ಜನವರಿ, 'ಎಲ್' ಅಂದ್ರೆ ಡಿಸೆಂಬರ್. ವರ್ಷಕ್ಕೆ ಒಂದೇ ಅಂಕಿ. ಎರಕದ ತಾರೀಖು ಜೋಡಿಸಿದ ತಾರೀಖಿಗಿಂತ ಹಿಂದಿನದಾಗಿರಬೇಕು. ಅದೂ ತಾಳೆಯಾಯ್ತು.

ಗೇರ್ ಬಾಕ್ಸ್ ಕಥೆ ಬೇರೆ. ವೈರಿಂಗ್ ಮಾಡುವಾಗಲೇ ಒಂದು ವೈರು ನನಗೆ ಇರುಸುಮುರುಸು ಮಾಡಿತ್ತು. ಕಾರ್ಖಾನೆಯ ಕಟ್ಟಿನಲ್ಲಿ ಇಲ್ಲ, ಪಕ್ಕದಿಂದ ಎಳೆದದ್ದು, ಟೇಪು ಒಣಗಿ ಪುಡಿಯಾಗ್ತಿತ್ತು. ಅದು ಗೇರ್ ಬಾಕ್ಸಿಗೆ ಹೋಗ್ತಿತ್ತು. 350 ನಂಬರಿನ ಆಟೋಮ್ಯಾಟಿಕ್ ಬಾಕ್ಸಿಗೆ ಕಿಕ್‌ಡೌನ್ ಆಗೋದು ಕೇಬಲ್ಲಿನಿಂದ, 400ಕ್ಕೆ ಕರೆಂಟಿನಿಂದ. ಕೆಳಗೆ ಮಲಗಿ ನೋಡಿದ್ರೆ ಅದು 400. ನಂಬರೂ ತಾಳೆಯಾಗಲಿಲ್ಲ. ಆದ್ರೆ ಆ ಟೇಪು ನೋಡಿದ್ರೆ ಸಾಕಿತ್ತು, ಅದು ನಿನ್ನೆ ಮೊನ್ನೆ ಸುತ್ತಿದ್ದಲ್ಲ.

ಮಾಲೀಕನನ್ನು ಕರೆಸಿ ಎರಡನ್ನೂ ತೋರಿಸಿದ್ವಿ. ಅವನು ಅಲ್ಲೇ ತನ್ನ ಅಣ್ಣನಿಗೆ ಫೋನ್ ಮಾಡಿದ. ಅಪ್ಪ ಇದ್ದಾಗಲೇ ಗೇರ್ ಬಾಕ್ಸ್ ಕೆಟ್ಟು ಬೇರೆ ಹಾಕಿಸಿದ್ರು, ಇಂಜಿನ್ನಿಗೆ ಬಣ್ಣಾನೂ ಹೊಡೆಸಿದ್ರು ಅಂತ ಆ ಕಡೆಯಿಂದ ಉತ್ತರ ಬಂತು. ಮುದೀರ್ ಏನೂ ಮಾತಾಡದೆ ಒಳಗೆ ಹೋದ. ಸಂಬಳ ಪೂರ್ತಿ ಬಂತು, ಅಣ್ಣ ಊರಿಗೆ ಹೋಗಿ ಬಂದರು. ಈಗ ಯಾವ ಹಳೇ ಗಾಡಿ ಬಂದ್ರೂ ನಟ್ಟು ಸಡಿಲಿಸೋ ಮುಂಚೆ ತಗಡು, ಬ್ಲಾಕು, ಗೇರ್ ಬಾಕ್ಸ್ ಮೂರರ ಫೋಟೋ ತೆಗೆದು ಮಾಲೀಕನ ಫೋನಿಗೇ ಕಳಿಸ್ತೀವಿ. ನೀವೂ ಕಳಿಸಿ.

ಕೊಳ್ಳೋಕೆ ಬಂದವನು ಗೇರ್ ಬಾಕ್ಸ್ ನೆಪ ಹೇಳಿ ಬೆಲೆ ಇಳಿಸಿ ಕೇಳಿದ. ಮಾಲೀಕ ಕೊಡಲಿಲ್ಲ. ಗಾಡಿ ಈಗಲೂ ಅವನ ಮನೆ ಮುಂದೇ ಇದೆ. ಎಡಗಡೆ ಇಂಡಿಕೇಟರ್ ಉರೀತಿಲ್ಲ ಅಂತ ಮೊನ್ನೆ ನನಗೆ ಫೋನ್ ಬಂದಿತ್ತು.