ತಣ್ಣನೆಯ ಕಣ್ಣಿನ ಲೆಕ್ಕ



ಮಳೆಗಾಲ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರದ ರೈತರು ಮೊದಲು ಕೇಳುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ತುಂಬಿದರೆ 124.80 ಅಡಿ. ಇಂದಿನ ಮಟ್ಟದಿಂದ ನಿನ್ನೆಯದನ್ನು ಕಳೆದರೆ ಎಷ್ಟು ಏರಿತೆಂದು ತಿಳಿಯುತ್ತದೆ. ನೀರನ್ನು ಹೊರಚೆಲ್ಲಿ ಅಳೆಯಬೇಕಿಲ್ಲ. ಬಾಹ್ಯಾಕಾಶದಲ್ಲಿರುವ ಅವಕೆಂಪು ದೂರದರ್ಶಕವೂ ಬೆಳಕನ್ನು ಅಳೆಯುವುದು ಹೀಗೆಯೇ.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವನ್ನೇ ನೋಡಿ. ಅದರ ಸಮೀಪ-ಅವಕೆಂಪು ಶೋಧಕದ ಒಂದು ಬಿಲ್ಲೆಯಲ್ಲಿ 2048 ಸಾಲು, ಸಾಲಿಗೆ 2048 ಚುಕ್ಕೆ. ಒಟ್ಟು ಸುಮಾರು 42 ಲಕ್ಷ. ಪಾದರಸ, ಕ್ಯಾಡ್ಮಿಯಂ, ಟೆಲುರಿಯಂ ಬೆರೆತ ಪದರದ ಮೇಲೆ ಬೆಳಕು ಬಿದ್ದಂತೆ ಚುಕ್ಕೆಚುಕ್ಕೆಯಲ್ಲೂ ವಿದ್ಯುದಂಶ ಶೇಖರವಾಗುತ್ತದೆ. ಆದರೆ ಬೆಚ್ಚಗಿನ ವಸ್ತುವೆಲ್ಲ ತಾನೇ ಅವಕೆಂಪು ಸೂಸುತ್ತದೆ. ಶೋಧಕದೊಳಗಿನ ಶಾಖವಂತೂ ಬೆಳಕೇ ಇಲ್ಲದೆ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅದಕ್ಕೆಂದೇ ಇದನ್ನು ಸೊನ್ನೆಗಿಂತ ಸುಮಾರು 233 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಟ್ಟಿದ್ದಾರೆ.

ಚುಕ್ಕೆಗೊಂದು ತಂತಿ ಎಳೆದರೆ ಆಗದೇ ಎಂದು ನೀವು ಕೇಳಬಹುದು. ಪ್ರತಿ ತಂತಿಯೂ ಹೊರಗಿನ ಶಾಖವನ್ನು ಒಳಗೆ ತರುತ್ತದೆ! ಆದ್ದರಿಂದ ಶೋಧಕದ ಬೆನ್ನಿಗೇ ಸಿಲಿಕಾನ್ ಮಂಡಲವೊಂದನ್ನು ಇಂಡಿಯಂ ಲೋಹದ ಪುಟ್ಟ ಉಬ್ಬುಗಳಿಂದ ಬೆಸೆದಿದ್ದಾರೆ. ಅದು ಚುಕ್ಕೆಗಳನ್ನು ಸರದಿಯಂತೆ ಓದಿ, ನಾಲ್ಕೇ ದಾರಿಗಳಲ್ಲಿ ಹೊರಗೆ ಕಳಿಸುತ್ತದೆ. ಒಂದು ಸುತ್ತಿಗೆ 10.7 ಸೆಕೆಂಡು. ಈ ಮಂಡಲವೂ ಜಿಪುಣನಾಗಿರಬೇಕು. ಹೆಚ್ಚು ವಿದ್ಯುತ್ ಬಳಸಿದರೆ ತಾನೇ ಬಿಸಿಯಾಗಿ ಕೆಲಸ ಕೆಡಿಸುತ್ತದೆ.

ನಿಜವಾದ ಜಾಣತನವಿರುವುದು ಓದುವ ಕ್ರಮದಲ್ಲಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಕೆರೆಯ ನೀರನ್ನು ತೂಬೆತ್ತಿ ಬಿಟ್ಟರೂ ತಳದಲ್ಲಿ ಒಂದಿಷ್ಟು ಉಳಿಯುತ್ತದಲ್ಲ, ಹಾಗೆಯೇ ಚುಕ್ಕೆಯನ್ನು ಬರಿದು ಮಾಡಿದಾಗಲೂ ಶೇಷ ಉಳಿಯುತ್ತದೆ. ಅದೂ ಪ್ರತಿ ಸಲ ಬೇರೆ ಬೇರೆ. ಬರಿದು ಮಾಡಿದೊಡನೆ ಒಮ್ಮೆ, ಆಮೇಲೊಮ್ಮೆ ಓದಿ ಕಳೆದರೆ ಆ ಶೇಷ ಲೆಕ್ಕದಿಂದ ಹೊರಬೀಳುತ್ತದೆ. ನಡುವೆ ಇನ್ನೂ ಹಲವು ಸಲ ಓದುತ್ತಾರೆ. ನಕ್ಷತ್ರದ ಬೆಳಕಾದರೆ ಮಟ್ಟ ಒಂದೇ ಸಮನೆ ಏರುತ್ತದೆ. ವಿಶ್ವಕಿರಣ ಬಡಿದರೆ ಥಟ್ಟನೆ ಜಿಗಿಯುತ್ತದೆ. ಆ ಜಿಗಿತವನ್ನಷ್ಟೇ ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಬಹುದು. (ನಮ್ಮ ಸ್ಟುಡಿಯೋ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಓದಿ ಚೆಲ್ಲುತ್ತದೆ. ನಮಗೆ ಬೆಳಕಿನ ಬರವಿಲ್ಲ!)

ಇಂಥದೇ ತಣ್ಣನೆಯ ಕಣ್ಣೊಂದನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ರೂಪಿಸಿತು. 2019ರ ಜುಲೈ 22ರಂದು ಅದು ಚಂದ್ರಯಾನ-2ರೊಡನೆ ಹೊರಟಿತು. ಸೊನ್ನೆಗಿಂತ ಸುಮಾರು 183 ಡಿಗ್ರಿ ಕೆಳಗೆ ಕೆಲಸ ಮಾಡುವ ಅದರ ಶೋಧಕಕ್ಕೆ ತೊಡಕು ತಿರುಗುಮುರುಗು: ಬೆಳಕು ಕಡಿಮೆಯೆಂದಲ್ಲ, ಚಂದ್ರನ ನೆಲವೇ ನಡುಹಗಲಲ್ಲಿ 100 ಡಿಗ್ರಿ ಮೀರಿ ಕಾದು ತಾನೂ ಅವಕೆಂಪು ಸೂಸುತ್ತದೆ. 3 ಮೈಕ್ರೋಮೀಟರ್ ಆಸುಪಾಸಿನಲ್ಲಿ ನೀರು ಮತ್ತು ಹೈಡ್ರಾಕ್ಸಿಲ್‌ನ ಗುರುತು ಹಿಡಿಯಲು ವಿಜ್ಞಾನಿಗಳು ಆ ಶಾಖವನ್ನು ಮೊದಲು ಲೆಕ್ಕ ಹಾಕಿ ಕಳೆಯಬೇಕಾಯಿತು.