ಉತ್ತರ ಪಡೆಯುವ ಹಕ್ಕು: ಲೋಕಾಯುಕ್ತ ಮತ್ತು ಕಾಡಿನ ಹಳ್ಳಿಗಳು

(ಖಾನಾಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



2024ರ ಜುಲೈ ತಿಂಗಳ ಮಳೆಯಲ್ಲಿ ನಮ್ಮ ತಾಲ್ಲೂಕಿನ ಆಮಗಾಂವ್ ಗ್ರಾಮದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಾಡುದಾರಿಯಲ್ಲಿ ಹೊತ್ತು ತಂದು ಆಂಬುಲೆನ್ಸಿಗೆ ತಲುಪಿಸಬೇಕಾಯಿತು. ಭೀಮಗಡ ವನ್ಯಧಾಮದ ಊರುಗಳಿಗೆ ಇಂತಹ ಸಂಕಟ ಹೊಸದಲ್ಲ. ಅರ್ಜಿಗಳೂ ಹೊಸವಲ್ಲ. ಒಂದು ಕಚೇರಿ ಇನ್ನೊಂದರತ್ತ ಬೆರಳು ತೋರಿಸುತ್ತದೆ. ಉತ್ತರ ಮಾತ್ರ ಬರುವುದಿಲ್ಲ. ಆ ಉತ್ತರವನ್ನು ಕೇಳಿ ಪಡೆಯುವ ಬಗೆಯೇ ಇಂದಿನ ನನ್ನ ವಿಷಯ.

ಆಡಳಿತದ ವಿರುದ್ಧ ಪ್ರಜೆಯ ದೂರನ್ನು ಆಲಿಸಲು ಸ್ವತಂತ್ರ ಅಧಿಕಾರಿಯೊಬ್ಬ ಇರಬೇಕೆಂಬ ವ್ಯವಸ್ಥೆ 1809ರಲ್ಲಿ ಸ್ವೀಡನ್ ದೇಶದಲ್ಲಿ ರೂಪುಗೊಂಡಿತು. ಆತನನ್ನು ಅವರು ಒಂಬುಡ್ಸ್‌ಮನ್ ಎಂದು ಕರೆದರು. ನಮ್ಮಲ್ಲಿ 1966ರಲ್ಲಿ ಆಡಳಿತ ಸುಧಾರಣಾ ಆಯೋಗವು ಲೋಕಪಾಲ, ಲೋಕಾಯುಕ್ತರನ್ನು ಶಿಫಾರಸು ಮಾಡಿತು. ನೆರೆಯ ಮಹಾರಾಷ್ಟ್ರ 1971ರಲ್ಲಿ ಕಾಯ್ದೆ ತಂದಿತು. ಕರ್ನಾಟಕದ್ದು 1984ರ ಕಾಯ್ದೆ, ಜಾರಿಯಾದದ್ದು 1986ರಲ್ಲಿ.

ಲೋಕಾಯುಕ್ತವೆಂದರೆ ದಾಳಿ ಎಂದೇ ಜನರ ಭಾವನೆ. 2011ರ ಗಣಿ ವರದಿ ಮುಖ್ಯಮಂತ್ರಿಯ ರಾಜೀನಾಮೆಗೆ ಕಾರಣವಾಯಿತು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಪ್ರತ್ಯೇಕವಾಗಿ ರಚಿಸಿತು. 2022ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಇದೆಲ್ಲ ಲಂಚ, ಅಧಿಕಾರ ದುರುಪಯೋಗಗಳ ಆಪಾದನೆಗೆ ಸೇರಿದ ಮಾತು. ಅದೇ ಕಾಯ್ದೆಯಲ್ಲಿ ಇನ್ನೊಂದು ಬಾಗಿಲಿದೆ: ಕುಂದುಕೊರತೆ. ದುರಾಡಳಿತದಿಂದ ಅನ್ಯಾಯವನ್ನೋ ಅನುಚಿತ ಕಷ್ಟವನ್ನೋ ಅನುಭವಿಸಿದವನು ಈ ಬಾಗಿಲು ತಟ್ಟಬಹುದು. ನಿರ್ಲಕ್ಷ್ಯ, ಅತಿ ವಿಳಂಬಗಳೂ ದುರಾಡಳಿತವೇ. ಬೇಕೆಂದೇ ಮಾಡದೆ ಬಿಟ್ಟ ಕೆಲಸವೂ ವಿಚಾರಣೆಗೆ ಒಳಪಡುತ್ತದೆ.

ಆದರೆ ಈ ಬಾಗಿಲಿಗೆ ನಿಯಮಗಳಿವೆ. ಮೇಲ್ಮನವಿಯಂತಹ ಬೇರೆ ಪರಿಹಾರವಿದ್ದರೆ ಮೊದಲು ಅದನ್ನು ಬಳಸಿರಬೇಕು. ದೂರು ನಿಗದಿತ ನಮೂನೆಯಲ್ಲಿ, ಅಫಿಡವಿಟ್ ಸಹಿತ ಇರಬೇಕು. ಸುಳ್ಳು ದೂರಿಗೆ ಶಿಕ್ಷೆಯುಂಟು. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಮಿತಿ. ಆಪಾದನೆಗೆ ಐದು ವರ್ಷಗಳಿದ್ದರೆ, ಕುಂದುಕೊರತೆಗೆ ವಿಷಯ ತಿಳಿದ ದಿನದಿಂದ ಆರೇ ತಿಂಗಳು. ಜೂನ್‌ನಲ್ಲಿ ಅರ್ಜಿ ತಿರಸ್ಕೃತವಾಯಿತೆಂದು ತಿಳಿದವರು ನಾಟಿ ಮುಗಿಯಲಿ, ಚೌತಿ ಕಳೆಯಲಿ, ಭತ್ತದ ಕೊಯ್ಲಾಗಲಿ ಎಂದು ಕಾದರೆ ಡಿಸೆಂಬರಿನಲ್ಲಿ ಅವಧಿ ತೀರಿರುತ್ತದೆ. ವಿಳಂಬಕ್ಕೆ ತಕ್ಕ ಕಾರಣ ತೋರಿಸಿದರೆ ಅವಕಾಶವುಂಟು. ಅದನ್ನೇ ನಂಬಿ ಕೂರುವುದು ಜಾಣತನವಲ್ಲ.

ಲೋಕಾಯುಕ್ತರು ರಸ್ತೆ ಹಾಕಿಸುವವರಲ್ಲ. ಅನ್ಯಾಯ ಕಂಡರೆ, ಇಂತಿಷ್ಟು ಅವಧಿಯೊಳಗೆ ಸರಿಪಡಿಸಿರೆಂದು ಶಿಫಾರಸು ಮಾಡುತ್ತಾರೆ. ಅವಧಿ ಮುಗಿದ ಒಂದು ತಿಂಗಳೊಳಗೆ ಕೈಗೊಂಡ ಕ್ರಮವನ್ನು ಸಕ್ಷಮ ಪ್ರಾಧಿಕಾರ ಅವರಿಗೆ ತಿಳಿಸಬೇಕು. ಅಧಿಕಾರ ಇಷ್ಟೇ ಎಂದು ಹಗುರವಾಗಿ ಕಾಣಬೇಡಿ. ಮೌನವಾಗಿದ್ದ ಕಚೇರಿ ಬರಹದಲ್ಲಿ ಮಾತನಾಡಬೇಕಾಗುತ್ತದೆ.

ಕಾಡನ್ನು ಉಳಿಸಬೇಕೆನ್ನುವ ನಾವು ರಸ್ತೆ ಕೇಳಬಹುದೇ ಎಂದು ಕೆಲವರು ಪ್ರಶ್ನಿಸುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯೇ ಗ್ರಾಮಸಭೆಯ ಶಿಫಾರಸಿನ ಮೇರೆಗೆ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ ಬಳಸಲು ಅವಕಾಶ ನೀಡಿದೆ. ವನ್ಯಧಾಮದ ಕಟ್ಟುಪಾಡುಗಳನ್ನೂ ಪಾಲಿಸಬೇಕು. ಕೋರಿಕೆ ತಿರಸ್ಕೃತವಾಗಲೂಬಹುದು. ಆದರೆ ಕಾಡಿನ ಹೆಸರಿನಲ್ಲಿ ರೋಗಿಯ ಅರ್ಜಿಗೆ ಉತ್ತರವನ್ನೇ ಕೊಡದಿರುವುದು ಅರಣ್ಯ ರಕ್ಷಣೆಯಲ್ಲ, ದುರಾಡಳಿತ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ನಿಮ್ಮೂರಿಗೊಂದು ಕಡತ ಮಾಡಿ. ಗ್ರಾಮಸಭೆಯ ಠರಾವು, ಅರ್ಜಿಯ ಪ್ರತಿ, ದಿನಾಂಕ ನಮೂದಿಸಿದ ಸ್ವೀಕೃತಿ ಇವೆಲ್ಲ ಅದರಲ್ಲಿರಲಿ. ಅರ್ಜಿ ಎಲ್ಲಿದೆಯೆಂದು ಮಾಹಿತಿ ಹಕ್ಕಿನಡಿ ಕೇಳಿ; 30 ದಿನಗಳಲ್ಲಿ ತಿಳಿಸಬೇಕು. ಬೆಳಗಾವಿಗೆ ಹತ್ತು ಸಲ ಅಲೆಯುವ ಹಿರಿಯರ ಕೈಯಲ್ಲಿ ಆ ಕಡತವಿದ್ದರೆ, ಅವರ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.