ಹಿಮದ ಇಳಿಜಾರನ್ನು ಓದುವುದು

೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಮೇಲೆ, ೧೯ ಸಾವಿರ ಅಡಿಗೂ ಮಿಕ್ಕ ಎತ್ತರದ ಸೋನಂ ಠಾಣೆಯಲ್ಲಿ, ಹತ್ತು ಮಂದಿ ಸೈನಿಕರು ಹೂತುಹೋದರು. ಆರನೆಯ ದಿನ ಅಗೆದು ತೆಗೆದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಲ್ಲಿ ಮಾತ್ರ ಉಸಿರಿತ್ತು. ೧೧ರಂದು ದೆಹಲಿಯಲ್ಲಿ ಅವರೂ ತೀರಿಕೊಂಡರು. ಹಿಮವನ್ನೇ ಕಾಣದ ನಮ್ಮ ಹಳ್ಳಿಗಳಲ್ಲೂ ಆ ವಾರ ಹಿಮದ್ದೇ ಮಾತು.

ಅಲ್ಲಿ ಬಿದ್ದದ್ದು ಮಂಜುಗಡ್ಡೆಯ ಗೋಡೆ. ನಾನು ಹೇಳಹೊರಟ ಕುಸಿತ ಬೇರೆ ಬಗೆಯದು. ಗುಲ್ಮಾರ್ಗದ ಅಫರ್ವತ್ ಬೆಟ್ಟದಂಥ ಕಡೆ, ಕಾವಲಿನ ಎಲ್ಲೆ ದಾಟಿ ವಿಹಾರಕ್ಕೆ ಹೋದವರು ಸಿಕ್ಕಿಬೀಳುವಂಥದು. ಹತ್ತರಲ್ಲಿ ಒಂಬತ್ತು ಸಲ ಅದನ್ನು ಹೊರಡಿಸುವುದು ಸಿಕ್ಕಿಬಿದ್ದವರ ಅಥವಾ ಅವರ ಜೊತೆಯವರ ಭಾರವೇ.

ಹಿಮವೆಂದರೆ ಹತ್ತಿಯ ರಾಶಿಯೆಂದು ತಿಳಿಯಬೇಡಿ. ಅದು ಪದರ ಪದರವಾಗಿರುತ್ತದೆ. ಕೊರೆಯುವ ಚಳಿಯಲ್ಲಿ ತೆಳ್ಳಗೆ ಬಿದ್ದ ಹಿಮದ ತಳದಲ್ಲಿ, ನೆಲದ ಬಿಸುಪಿಗೆ ಆವಿ ಮೇಲೇರಿ, ಕಣಗಳು ದಪ್ಪ ಹರಳಾಗುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ. ಒಣ ರವೆಯಂತೆ ಬೆರಳ ಸಂದಿಯಿಂದ ಸುರಿಯುತ್ತದೆ. ಅದರ ಮೇಲೆ ಗಾಳಿ ಹೊತ್ತು ತಂದ ಹಿಮ ಬಿಗಿಯಾದ ಹಲಗೆಯಾಗಿ ಕೂರುತ್ತದೆ. ನೀವು ನಡೆಯುವುದು ಹಲಗೆಯ ಮೇಲೆ, ಕುಸಿಯುವುದು ರವೆ. ಆಗ ಹಲಗೆ ಒಟ್ಟಿಗೇ ಹೊರಡುತ್ತದೆ. ಕಾರಕೋರಂ ಕಡೆ ಈ ರವೆಯ ಕಾಟ ಹೆಚ್ಚು. ಪೀರ್ ಪಂಜಾಲದಲ್ಲಿ ಒಮ್ಮೆಗೇ ಸುರಿಯುವ ಭಾರೀ ಹಿಮದ ಹೆದರಿಕೆ.

ಹಾಗಾದರೆ ನೋಡಬೇಕಾದ್ದೇನು? ಮೊದಲು ಓರೆ. ೩೦ರಿಂದ ೪೫ ಡಿಗ್ರಿಯ ಇಳಿಜಾರೇ ಬಹುಪಾಲು ಕುಸಿಯುವುದು. ತೀರ ಕಡಿದಾದಲ್ಲಿ ಹಿಮ ಆಗಾಗ ತಾನೇ ಉದುರಿಹೋಗುತ್ತದೆ. ಜಾರಾಟಕ್ಕೆ ಸೊಗಸಾದ ಇಳಿಜಾರೂ ಅದೇ, ಏನು ಮಾಡೋಣ! ಬಳಿಕ ಕಣ್ಣು, ಕಿವಿ: ಪಕ್ಕದ ಬೆಟ್ಟದಲ್ಲಿ ನಿನ್ನೆ ಕುಸಿದ ಗುರುತು, ಕಾಲಿಟ್ಟೊಡನೆ ಓಡುವ ಬಿರುಕು, ಅಡಿಯಿಂದ ‘ಧಪ್’ ಎಂಬ ಸದ್ದು. ಆ ಸದ್ದು ಕೇಳಿದ ಮೇಲೆ ಬೇರೆ ಪರೀಕ್ಷೆ ಬೇಡ, ಹಿಂದಿರುಗಿ.

ಸದ್ದಿಲ್ಲದಿದ್ದರೆ ಗುಂಡಿ ತೋಡುತ್ತಾರೆ. ಅದರ ಗೋಡೆಯಲ್ಲಿ ಒಂದಡಿ ಚೌಕದ ಕಂಬ ಕಡಿದು, ಮೇಲೆ ಸಲಿಕೆಯ ಅಲಗಿಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಹೆಗಲಿನಿಂದ ಹತ್ತು ಸಲ ತಟ್ಟುವುದು. ಮೊದಲ ಹತ್ತರಲ್ಲೇ ಕತ್ತರಿಸಿದಂತೆ ಜಾರಿದರೆ ಉತ್ತರ ಸಿಕ್ಕಿತು. ಜಾರದಿದ್ದರೆ? ಆ ಗುಂಡಿಯ ಮಾತು ಆ ಗುಂಡಿಗಷ್ಟೇ. ಇಪ್ಪತ್ತು ಗಜದಾಚೆ ಪದರ ಬೇರೆಯಿದ್ದೀತು. ಅನುಭವಿಗಳೂ ಮೋಸಹೋಗುವುದು ಇಲ್ಲಿಯೇ.

ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಕಣ್ಣಿಟ್ಟಿರಲಿ. ಎದೆಗೆ ಕಟ್ಟಿದ ಸಂಕೇತಯಂತ್ರ, ಚುಚ್ಚಿ ಹುಡುಕುವ ಸರಳು, ಸಲಿಕೆ, ಮೂರೂ ಪ್ರತಿಯೊಬ್ಬರಲ್ಲಿರಬೇಕು. ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಮೀರಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಹನುಮಂತಪ್ಪನವರ ಆರು ದಿನ ಯಾವ ಲೆಕ್ಕಕ್ಕೂ ಸಿಗುವುದಲ್ಲ. ಕೆಳಗಿನ ಊರಿಂದ ನೆರವು ಬರಲು ಅರ್ಧ ಗಂಟೆ ಸಾಲದು. ಅಗೆಯಬೇಕಾದವರು ಜೊತೆಗೆ ಹೊರಟವರೇ.